ಆಕಾಶದ ಸರದಿ

ಜಾತ್ರೆಯ ಅಂಗಡಿಯಲ್ಲಿ ಕೊಂಡ ಎರಡು ಆಟದ ಕಾರುಗಳನ್ನು ಒಂದೇ ಅಂಗಳದಲ್ಲಿ ಓಡಿಸಲು ಹೊರಟ ಮಕ್ಕಳ ಪೇಚಾಟವನ್ನು ನೀವು ನೋಡಿರಬಹುದು. ಅಣ್ಣನು ತನ್ನ ಕೈಯಲ್ಲಿರುವ ಪೆಟ್ಟಿಗೆಯ ಗುಂಡಿಯನ್ನು ಒತ್ತಿದರೆ ಅವನ ಕಾರಿನೊಡನೆ ತಮ್ಮನ ಕಾರೂ ಓಡತೊಡಗುತ್ತದೆ. ತಮ್ಮನು ಎಡಕ್ಕೆ ತಿರುಗಿಸಿದರೆ ಅಣ್ಣನ ಕಾರು ಹೋಗಿ ಗೋಡೆಗೆ ಬಡಿಯುತ್ತದೆ. ಮೊದಲು ನಗು, ಆಮೇಲೆ ಜಗಳ, ಕೊನೆಗೆ ಅಳು. ಅಂಗಡಿಯವನು ಮೋಸ ಮಾಡಿದನೆಂದು ಮನೆಯ ಹಿರಿಯರು ಬೈಯುವುದೂ ಉಂಟು. ಅಲ್ಲಿ ಮೋಸವೇನೂ ಇಲ್ಲ. ಎರಡು ಆಟಿಕೆಗಳೂ ಒಂದೇ ಕಂಪನಾಂಕದ ರೇಡಿಯೋ ತರಂಗಕ್ಕೆ ಕಿವಿಗೊಟ್ಟು ಕುಳಿತಿವೆ. ಕರೆದವರು ಯಾರೆಂದು ತಿಳಿಯುವ ಶಕ್ತಿ ಅವಕ್ಕಿಲ್ಲ. ಕರೆ ಕೇಳಿಸಿತು, ಹೊರಟವು.

ಕಂಪನಾಂಕವೆಂದರೆ ತರಂಗವು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಕಂಪಿಸುತ್ತದೆ ಎಂಬುದರ ಲೆಕ್ಕ. 27.145 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಎರಡು ಕೋಟಿ ಎಪ್ಪತ್ತೊಂದು ಲಕ್ಷದ ನಲವತ್ತೈದು ಸಾವಿರ ಕಂಪನಗಳು. ನಮ್ಮ ಕೈಯಲ್ಲಿರುವ ಪೆಟ್ಟಿಗೆಗೆ ಪ್ರೇಷಕವೆಂದೂ ಕಾರಿನ ಅಥವಾ ವಿಮಾನದ ಹೊಟ್ಟೆಯೊಳಗಿರುವ ಪುಟ್ಟ ಯಂತ್ರಕ್ಕೆ ಗ್ರಾಹಕವೆಂದೂ ಹೆಸರು. ಇವೆರಡರ ಕಂಪನಾಂಕವೂ ಹೊಂದಿಕೊಂಡರೆ ಮಾತ್ರ ಆಜ್ಞೆ ನಡೆಯುತ್ತದೆ. ನಾನು ಕನ್ನಡದ ಮೇಷ್ಟ್ರು. ವಿಜ್ಞಾನವು ನನ್ನ ಕ್ಷೇತ್ರವಲ್ಲ. ಆದರೂ ಈ ವಿಷಯವನ್ನು ಕುರಿತು ಬರೆಯಬೇಕೆನ್ನಿಸಿದ್ದಕ್ಕೆ ಒಂದು ಕಾರಣವುಂಟು. ಅದನ್ನು ಮುಂದೆ ಹೇಳುತ್ತೇನೆ.

ತಂತಿಯಿಲ್ಲದೆ ದೂರದ ವಸ್ತುವನ್ನು ಆಡಿಸುವ ವಿದ್ಯೆ ಹೊಸದೇನಲ್ಲ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಕಣ್ಣಿಗೆ ಕಾಣದ ತರಂಗಗಳಿಂದ ದೂರದ ಗಂಟೆಯೊಂದನ್ನು ಬಾರಿಸಿ, ಮದ್ದನ್ನು ಸಿಡಿಸಿ ನೆರೆದವರನ್ನು ಬೆರಗುಗೊಳಿಸಿದರು. ಮೂರು ವರ್ಷಗಳ ಅನಂತರ, 1898ರಲ್ಲಿ, ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ನೀರಿಗಿಳಿಸಿ, ದಡದಲ್ಲಿ ನಿಂತೇ ಅದನ್ನು ಬೇಕಾದ ಕಡೆಗೆ ತಿರುಗಿಸಿದನು. ಆಗ ಆಕಾಶದ ಆ ದಾರಿಯಲ್ಲಿ ಸಂಚರಿಸುವವರೇ ವಿರಳವಾಗಿದ್ದರು. ಒಬ್ಬನ ಕರೆಯು ಇನ್ನೊಬ್ಬನ ಕರೆಗೆ ಅಡ್ಡ ಬರುವ ಪ್ರಶ್ನೆಯೇ ಅಷ್ಟಾಗಿ ಇರಲಿಲ್ಲ. ಇಂದು ಆಕಾಶವಾಣಿ, ಪೊಲೀಸರ ನಿಸ್ತಂತು, ವಿಮಾನ ನಿಲ್ದಾಣ, ಮೀನುಗಾರರ ದೋಣಿ, ಮನೆಮನೆಯ ಮೊಬೈಲು ಎಲ್ಲವೂ ಅದೇ ಬಯಲಿನಲ್ಲಿ ತಮ್ಮ ತಮ್ಮ ಓಣಿಗಳನ್ನು ಹಿಡಿದು ಓಡಾಡುತ್ತಿವೆ. ಹವ್ಯಾಸಿಗಳಿಗೆ ದೊರೆತಿರುವುದು ಅವುಗಳ ನಡುವಿನ ಒಂದೆರಡು ಸಂದಿಗಳು ಮಾತ್ರ.

ಅಂಥ ಸಂದಿಗಳಲ್ಲಿ ಹಳೆಯದು 27 ಮೆಗಾಹರ್ಟ್ಸಿನ ಸುತ್ತಮುತ್ತಲಿನದು. ಅದರಲ್ಲಿ ಆರು ಕಂಪನಾಂಕಗಳನ್ನು ಆರಿಸಿ, ಗುರುತು ಹಿಡಿಯಲು ಸುಲಭವಾಗಲೆಂದು ಒಂದೊಂದಕ್ಕೂ ಒಂದೊಂದು ಬಣ್ಣವನ್ನು ಕೊಟ್ಟರು. 26.995 ಕಂದು, 27.045 ಕೆಂಪು, 27.095 ಕಿತ್ತಳೆ, 27.145 ಹಳದಿ, 27.195 ಹಸಿರು, 27.255 ನೀಲಿ. ಯಾವ ಬಣ್ಣವೆಂಬುದನ್ನು ನಿರ್ಧರಿಸುವುದು ಪೆಟ್ಟಿಗೆಯೊಳಗೆ ಸಿಕ್ಕಿಸಿದ ಒಂದು ಸ್ಫಟಿಕ. ಹವ್ಯಾಸಿಗಳು ಅದನ್ನು ಕ್ರಿಸ್ಟಲ್ ಎಂದೇ ಕರೆಯುತ್ತಾರೆ. ಬೆಣಚುಕಲ್ಲಿನ ಜಾತಿಗೆ ಸೇರಿದ ಹರಳನ್ನು ತೆಳುವಾಗಿ ಸೀಳಿ, ಉಗುರಿನಷ್ಟು ಅಗಲದ ಲೋಹದ ಡಬ್ಬಿಯಲ್ಲಿಟ್ಟು, ಎರಡು ಕಡ್ಡಿಗಳನ್ನು ಹೊರಗೆ ಬಿಟ್ಟಿರುತ್ತಾರೆ. ವಿದ್ಯುತ್ತನ್ನು ಹರಿಸಿದರೆ ಆ ಹರಳು ನಡುಗುತ್ತದೆ. ಎಷ್ಟು ತೆಳುವೋ ಅಷ್ಟು ವೇಗ. ಎಷ್ಟು ಬಾರಿ ನಡುಗಬೇಕೋ ಅಷ್ಟೇ ಬಾರಿ ನಡುಗುವುದು ಅದರ ಸ್ವಭಾವ. ಕಂಪನಾಂಕವನ್ನು ಬದಲಾಯಿಸಬೇಕಾದರೆ ಹಳೆಯ ಹರಳನ್ನು ಕಿತ್ತು ಬೇರೆ ಬಣ್ಣದ್ದನ್ನು ಸಿಕ್ಕಿಸಿದರಾಯಿತು. ಹತ್ತು ವರ್ಷದ ಹುಡುಗನೂ ಅರ್ಧ ನಿಮಿಷದಲ್ಲಿ ಮಾಡಬಲ್ಲ ಕೆಲಸ. ಇಷ್ಟು ಸುಲಭವಾದುದೇ ತೊಂದರೆಗೆ ಮೂಲವಾಯಿತೆಂದು ನನಗೆ ತೋರುತ್ತದೆ.

1996ರ ಮಾತು. ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯ ಊರಿನಲ್ಲಿ ವಾಯುಸೇನೆಯ ತಾಂತ್ರಿಕ ವಿಭಾಗದಿಂದ ನಿವೃತ್ತರಾಗಿ ಬಂದ ಹಿರಿಯರೊಬ್ಬರು ನೆಲಸಿದ್ದರು. ಅವರು ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬನಿಂದ ಬಾಲ್ಸಾ ಮರದ ತೆಳುಹಲಗೆಗಳಲ್ಲಿ ಒಂದು ಮಾದರಿ ವಿಮಾನವನ್ನು ಕಟ್ಟಿಸಿದರು. ಎಂಟು ತಿಂಗಳ ದುಡಿಮೆ ಅದು. ಜನವರಿ 26ರಂದು ಧ್ವಜಾರೋಹಣವಾದ ಮೇಲೆ ಅದನ್ನು ಶಾಲೆಯ ಮೈದಾನದಲ್ಲಿ ಹಾರಿಸುವುದೆಂದು ನಿಶ್ಚಯವಾಯಿತು. ಇದಕ್ಕೆ ಯಾರ ಅನುಮತಿ ಬೇಕು, ಯಾವ ಪರವಾನಗಿ ಬೇಕು ಎಂದು ನಾವು ಯಾರನ್ನೂ ಕೇಳಲಿಲ್ಲ. ಕೇಳಬೇಕೆಂಬುದೇ ನಮಗೆ ಹೊಳೆಯಲಿಲ್ಲ. ಕಾರ್ಯಕ್ರಮದ ನಿರೂಪಣೆ ಎಂದಿನಂತೆ ಕನ್ನಡ ಮೇಷ್ಟರ ಪಾಲಿಗೆ ಬಂದಿತ್ತು. ಆ ಹಿರಿಯರು ನನ್ನ ಕೈಗೊಂದು ಚೀಟಿ ಕೊಟ್ಟು, “ಮೇಷ್ಟ್ರೇ, ಮರೀದೆ ಇದನ್ನ ಮೈಕಿನಲ್ಲಿ ಹೇಳಿಬಿಡಿ” ಎಂದರು. ಚೀಟಿಯಲ್ಲಿ ಇದ್ದುದು ಇಷ್ಟೇ: “ನಮ್ಮದು ಹಳದಿ. ಬೇರೆ ಯಾರ ಬಳಿಯಾದರೂ ರೇಡಿಯೋ ಆಟಿಕೆ ಇದ್ದರೆ ಅರ್ಧ ಗಂಟೆ ಆರಿಸಿಡಬೇಕು.” ನಾನು ಓದಿಕೊಂಡೆ. ಅಷ್ಟರಲ್ಲಿ ಮುಖ್ಯ ಅತಿಥಿಗಳ ಜೀಪು ಬಂದಿತು. ಚೀಟಿ ನನ್ನ ಜುಬ್ಬಾದ ಜೇಬಿಗೆ ಹೋಯಿತು.

ಶಾಲೆಯ ಹಿಂಭಾಗದಲ್ಲಿ ಎಂಟನೆಯ ತರಗತಿಯ ಇಬ್ಬರು ಹುಡುಗರು ಆಟದ ಕಾರುಗಳನ್ನು ಓಡಿಸುತ್ತಿದ್ದುದು ನಮಗೆ ತಿಳಿದಿರಲಿಲ್ಲ. ಇಬ್ಬರದೂ ಕೆಂಪು. ಒಬ್ಬನ ತಂದೆ ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ಬೇರೆ ಹರಳುಗಳ ಜೋಡಿಯೊಂದನ್ನು ತಂದುಕೊಟ್ಟಿದ್ದರು. ಗೆಳೆಯನ ಕಾರಿಗೆ ತನ್ನಿಂದ ತೊಂದರೆಯಾಗಬಾರದೆಂದು ಆ ಹುಡುಗ ಅಂದು ಬೆಳಿಗ್ಗೆ ಕೆಂಪನ್ನು ಕಿತ್ತು ಹಳದಿಯನ್ನು ಹಾಕಿಕೊಂಡಿದ್ದ. ವಿಮಾನವು ಮೈದಾನವನ್ನು ಎರಡು ಸುತ್ತು ಹಾಕಿ ಮೂರನೆಯ ಸುತ್ತಿಗೆ ಹೊರಳುತ್ತಿದ್ದಾಗ ಅವನು ಕಟ್ಟಡದ ಮರೆಯಲ್ಲಿ ತನ್ನ ಪೆಟ್ಟಿಗೆಯ ಗುಂಡಿಯನ್ನು ಒತ್ತಿದ. ವಿಮಾನವು ಒಮ್ಮೆ ತಲೆಯೆತ್ತಿ, ಮರುಕ್ಷಣವೇ ಮೂಗಡಿಯಾಗಿ, ಬೇವಿನ ಮರದ ಕೆಳಗೆ ಸಾಲಾಗಿ ಕುಳಿತಿದ್ದ ಹೆಣ್ಣುಮಕ್ಕಳ ಕಡೆಗೆ ಬಿದ್ದಿತು. ಆರನೆಯ ತರಗತಿಯ ಹುಡುಗಿಯೊಬ್ಬಳ ಹುಬ್ಬು ಸೀಳಿ ನಾಲ್ಕು ಹೊಲಿಗೆ ಹಾಕಿಸಬೇಕಾಯಿತು. ಒಂದು ಅಂಗುಲ ಕೆಳಗಾಗಿದ್ದರೆ ಕಣ್ಣು ಹೋಗುತ್ತಿತ್ತೆಂದು ವೈದ್ಯರು ಹೇಳಿದರು. ವಿಮಾನದ ತುಂಡುಗಳನ್ನು ಆಯ್ದುಕೊಳ್ಳುತ್ತಿದ್ದ ಹುಡುಗನ ಮುಖವನ್ನು ನಾನು ಇಂದಿಗೂ ಮರೆತಿಲ್ಲ.

ಎಂಟನೆಯ ತರಗತಿಯ ಹುಡುಗನನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ನಿಲ್ಲಿಸಿದರು. “ನಾನು ನನ್ನ ಕಾರಿನ ಗುಂಡಿ ಮಾತ್ರ ಒತ್ತಿದೆ, ಸಾರ್” ಎಂದು ಅವನು ಬಿಕ್ಕುತ್ತಿದ್ದ. ಅದು ನಿಜವಾಗಿತ್ತು. ಗೆಳೆಯನಿಗಾಗಿ ಅವನು ಮಾಡಿದ್ದು ಸೌಜನ್ಯದ ಕೆಲಸವೇ. ಆದರೆ ಆ ಬಣ್ಣವನ್ನು ಅದೇ ಸಮಯದಲ್ಲಿ ಬೇರೊಬ್ಬರು ಹಿಡಿದಿರುವರೆಂದು ಅವನಿಗೆ ತಿಳಿಸಬೇಕಾದವನು ನಾನಾಗಿದ್ದೆ. ಎರಡು ದಿನ ನಾನು ಸುಮ್ಮನಿದ್ದೆ. ಮೂರನೆಯ ದಿನ ಚೀಟಿಯನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟೆ. ಆ ಎರಡು ದಿನಗಳ ಬಗೆಗೆ ಇಂದಿಗೂ ನನಗೆ ನಾಚಿಕೆಯಿದೆ.

ಅಂದಿನಿಂದ ಈ ವಿಷಯದಲ್ಲಿ ನನ್ನದೊಂದು ಅಭಿಪ್ರಾಯವು ಬೆಳೆದು ಗಟ್ಟಿಯಾಗಿದೆ. ಕಂಪನಾಂಕವನ್ನು ಬದಲಾಯಿಸುವುದು ತಪ್ಪಲ್ಲ. ಆದರೆ ಅದು ಬದಲಾಯಿಸುವವನೊಬ್ಬನ ಸ್ವಂತ ವಿಷಯವೂ ಅಲ್ಲ.

ನಮ್ಮ ಹಳೆಯ ಮೈಸೂರು ಸೀಮೆಯ ಕೆರೆಗಳ ಕೆಳಗೆ ನೀರುಗಂಟಿಯೆಂಬ ಒಬ್ಬನಿರುತ್ತಿದ್ದನು. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ನಾಲಗೆಯ ತುದಿಯಲ್ಲಿರುತ್ತಿತ್ತು. ಊರ ಗೌಡನಾದರೂ ತನ್ನ ಸರದಿ ಬರುವವರೆಗೆ ಕಾಯಬೇಕು. ಕಾಲುವೆಯ ಏರಿಯನ್ನು ಕಡಿದು ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಳ್ಳುವುದಕ್ಕೆ ಒಂದು ಗುದ್ದಲಿ ಸಾಕು. ಅದಕ್ಕೆ ಹೆಚ್ಚಿನ ಶಕ್ತಿಯಾಗಲಿ ಬುದ್ಧಿಯಾಗಲಿ ಬೇಕಿಲ್ಲ. ಕಡಿಯದೆ ಇರುವುದಕ್ಕೆ ಬೇಕು. ಆಕಾಶದ ತರಂಗಗಳೂ ಕೆರೆಯ ನೀರಿನ ಹಾಗೆಯೇ ಎಲ್ಲರ ಸೊತ್ತು. ಒಂದು ವ್ಯತ್ಯಾಸವುಂಟು: ಕದ್ದ ನೀರು ಕಣ್ಣಿಗೆ ಕಾಣುತ್ತದೆ, ಕದ್ದ ತರಂಗವು ಕಾಣುವುದಿಲ್ಲ. ನೆರೆಯವನ ವಿಮಾನವು ಬಿದ್ದ ಮೇಲೂ ಬೀಳಿಸಿದವನಿಗೆ ತನ್ನಿಂದಲೇ ಬಿದ್ದಿತೆಂದು ಗೊತ್ತಾಗದಿರಬಹುದು.

ಈ ಕಾರಣದಿಂದಲೇ ಎಲ್ಲ ದೇಶಗಳೂ ಆಕಾಶಕ್ಕೆ ಕಾಯಿದೆಯ ನೀರುಗಂಟಿಯನ್ನು ನೇಮಿಸಿವೆ. ನಮ್ಮ ದೇಶದಲ್ಲಿ 1885ರ ತಂತಿ ಕಾಯಿದೆ, 1933ರ ನಿಸ್ತಂತು ಕಾಯಿದೆಗಳು ಬಹುಕಾಲ ಈ ಕೆಲಸವನ್ನು ನಡೆಸಿದವು. ಇವುಗಳ ಸ್ಥಾನಕ್ಕೆಂದು ಸಂಸತ್ತು 2023ರಲ್ಲಿ ದೂರಸಂಪರ್ಕ ಕಾಯಿದೆಯನ್ನು ರಚಿಸಿತು. ನಾನು ಬಾಲಕನಾಗಿದ್ದಾಗ ಮನೆಯಲ್ಲಿ ರೇಡಿಯೋ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿತ್ತು. ಆ ಚಿಕ್ಕ ಪುಸ್ತಕವನ್ನು ಹಿಡಿದು ನಾನೇ ಎಷ್ಟೋ ಬಾರಿ ಸಾಲಿನಲ್ಲಿ ನಿಂತಿದ್ದೇನೆ. ಕೇಳುವುದಕ್ಕೇ ಅಷ್ಟಿದ್ದ ಮೇಲೆ ಪ್ರೇಷಕವನ್ನಿಟ್ಟುಕೊಳ್ಳುವ ವಿಷಯ ಹೇಳಬೇಕೆ! ಕಾಲಕ್ರಮದಲ್ಲಿ ಬಿಗಿ ಸಡಿಲವಾಯಿತು. 2005ರಲ್ಲಿ ಹೊರಟ ನಿಯಮಗಳು 26.957ರಿಂದ 27.283 ಮೆಗಾಹರ್ಟ್ಸಿನವರೆಗಿನ ಪಟ್ಟಿಯನ್ನು 5 ವಾಟ್‌ಗಳನ್ನು ಮೀರದ ಸಲಕರಣೆಗಳಿಗೆ ಪರವಾನಗಿಯಿಲ್ಲದೆ ತೆರೆದಿಟ್ಟವು. ಮೇಲೆ ಹೇಳಿದ ಆರು ಬಣ್ಣಗಳೂ ಈ ಪಟ್ಟಿಯ ಒಳಗೇ ಇವೆ. ಅದೇ ವರ್ಷ 2400ರಿಂದ 2483.5 ಮೆಗಾಹರ್ಟ್ಸಿನ ಪಟ್ಟಿಯೂ ಶಕ್ತಿಯ ಮಿತಿಗೆ ಒಳಪಟ್ಟು ತೆರೆಯಿತು.

ಹಾಗಾದರೆ ಇನ್ನೇನು, ಪಟ್ಟಿಯ ಒಳಗೆ ಬೇಕಾದ ಹಾಗೆ ಹರಳನ್ನು ಬದಲಾಯಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಇಲ್ಲೊಂದು ಸೂಕ್ಷ್ಮವಿದೆ. ಹರಳುಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ; ಪ್ರೇಷಕಕ್ಕೆ ಒಂದು, ಗ್ರಾಹಕಕ್ಕೆ ಒಂದು. ನೋಡುವುದಕ್ಕೆ ಅವಳಿಮಕ್ಕಳ ಹಾಗಿದ್ದರೂ ಅವು ಒಂದೇ ಅಲ್ಲ. ಸಾಮಾನ್ಯವಾಗಿ ಗ್ರಾಹಕದ ಹರಳು 0.455 ಮೆಗಾಹರ್ಟ್ಸಿನಷ್ಟು ಕಡಿಮೆ ವೇಗದಲ್ಲಿ ಕಂಪಿಸುವಂತೆ ಸೀಳಿದ್ದು. ಬಂದ ತರಂಗವನ್ನು ಒಳಗೆ ಸಂಸ್ಕರಿಸಲು ಆ ಅಂತರವು ಅವಶ್ಯಕ. ಹಳದಿಯ ಪ್ರೇಷಕದ ಹರಳು 27.145 ಆದರೆ ಗ್ರಾಹಕದ್ದು 26.690. ಅವಸರದಲ್ಲಿ ಇವೆರಡನ್ನೂ ಅದಲುಬದಲು ಮಾಡಿದರೆ ಏನಾಗುತ್ತದೆ? ವಿಮಾನವು ಕದಲುವುದಿಲ್ಲ, ಹುಡುಗನು ಬ್ಯಾಟರಿ ಮುಗಿಯಿತೆಂದುಕೊಂಡು ಗುಂಡಿಯನ್ನು ಒತ್ತುತ್ತಲೇ ಇರುತ್ತಾನೆ. ಅಷ್ಟು ಹೊತ್ತೂ ಅವನ ಪ್ರೇಷಕವು 26.690ರಲ್ಲಿ, ಎಂದರೆ ತೆರೆದ ಪಟ್ಟಿಯ ಹೊರಗೆ, ಅಕ್ರಮವಾಗಿ ಕೂಗುತ್ತಿರಬಹುದು. ಕೆಟ್ಟ ಉದ್ದೇಶವಿಲ್ಲದೆಯೂ ಕಾಯಿದೆಯನ್ನು ಮುರಿಯಲು ಸಾಧ್ಯವೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ನನಗೆ ತಿಳಿಯದು.

ಅಮೆರಿಕದವರು ಇದನ್ನು ಮೊದಲೇ ಕಂಡುಕೊಂಡಿದ್ದರು. ಅಲ್ಲಿ 72 ಮೆಗಾಹರ್ಟ್ಸಿನ ಪಟ್ಟಿಯಲ್ಲಿ ಮಾದರಿ ವಿಮಾನಗಳಿಗೆ ಐವತ್ತು ಓಣಿಗಳು, 75ರ ಪಟ್ಟಿಯಲ್ಲಿ ಕಾರು ದೋಣಿಗಳಿಗೆ ಮೂವತ್ತು ಓಣಿಗಳು. ನೆಲದ ಮೇಲೆ ಓಡುವವನು ಆಕಾಶದಲ್ಲಿ ಹಾರುವವನ ಓಣಿಗೆ ಕಾಲಿಡಬಾರದು. ಗ್ರಾಹಕದ ಹರಳನ್ನು ಹವ್ಯಾಸಿಯೇ ಬದಲಾಯಿಸಿಕೊಳ್ಳಬಹುದು. ಪ್ರೇಷಕದ ಒಳಗಿನ ಕೆಲಸವನ್ನು ಮಾತ್ರ ಅರ್ಹತೆಯುಳ್ಳ ತಂತ್ರಜ್ಞನಿಗೇ ಬಿಡಬೇಕೆಂಬುದು ಅಲ್ಲಿನ ಕಟ್ಟಳೆ. ಇದು ನನಗೆ ಬಹಳ ಹಿಡಿಸಿತು. ಕೇಳುವವನು ತಪ್ಪಾಗಿ ಕೇಳಿಸಿಕೊಂಡರೆ ಬಹುಮಟ್ಟಿಗೆ ನಷ್ಟವು ಅವನದೇ. ಮಾತನಾಡುವವನು ತಪ್ಪಿದರೆ ಸಭೆಯೆಲ್ಲ ಕೆಡುತ್ತದೆ. ಬ್ರಿಟನ್ನಿನಲ್ಲಿ ವಿಮಾನಗಳಿಗೆ 35, ನೆಲದ ಮಾದರಿಗಳಿಗೆ 40 ಮೆಗಾಹರ್ಟ್ಸ್. ಹೀಗೆ ಒಂದು ದೇಶದ ತೆರೆದ ಬಾಗಿಲು ಇನ್ನೊಂದು ದೇಶದಲ್ಲಿ ಮುಚ್ಚಿರಬಹುದು. ಅಮೆರಿಕದ ಚಿಕ್ಕಪ್ಪನು ಪ್ರೀತಿಯಿಂದ ತಂದುಕೊಟ್ಟ 72ರ ಪೆಟ್ಟಿಗೆಯು ನಮ್ಮ ಮನೆಯೊಳಗೆ ಬಂದಿತೆಂಬ ಮಾತ್ರಕ್ಕೆ ನಮ್ಮ ಕಾಯಿದೆಗೆ ಒಪ್ಪಿಗೆಯಾದುದಾಗುವುದಿಲ್ಲ.

“ಅದೆಲ್ಲ ಹಳೆಯ ಪುರಾಣ, ತಾತ. ಈಗ ಎಲ್ಲವೂ 2.4 ಗಿಗಾಹರ್ಟ್ಸ್. ಹರಳೂ ಇಲ್ಲ, ಬಣ್ಣವೂ ಇಲ್ಲ” ಎಂದು ನನ್ನ ಮೊಮ್ಮಗ ಹೇಳುತ್ತಾನೆ. ಅವನು ಹೇಳುವುದು ಸರಿ. ಈಗಿನ ಪೆಟ್ಟಿಗೆಗಳಲ್ಲಿ ಅನೇಕವು ಒಂದು ಕಂಪನಾಂಕದಲ್ಲಿ ನಿಲ್ಲದೆ ಸೆಕೆಂಡಿಗೆ ಎಷ್ಟೋ ಬಾರಿ ಒಂದರಿಂದ ಇನ್ನೊಂದಕ್ಕೆ ನೆಗೆಯುತ್ತಿರುತ್ತವೆ. ಗ್ರಾಹಕವೂ ಅದೇ ಕ್ರಮದಲ್ಲಿ ಜೊತೆಜೊತೆಗೆ ನೆಗೆಯುತ್ತದೆ. ತನ್ನ ಒಡೆಯನ ಕರೆಗಲ್ಲದೆ ಬೇರೆಯವರ ಕರೆಗೆ ಅದು ಓಗೊಡುವುದಿಲ್ಲ. ಈ ನೆಗೆತದ ಉಪಾಯಕ್ಕೆ 1942ರಲ್ಲೇ ಪೇಟೆಂಟು ಪಡೆದವರಲ್ಲಿ ಒಬ್ಬಳು ಹೆಡಿ ಲಾಮಾರ್ ಎಂಬ ಚಲನಚಿತ್ರ ನಟಿ. ಇನ್ನೊಬ್ಬನು ಜಾರ್ಜ್ ಆಂಥೈಲ್ ಎಂಬ ಸಂಗೀತಗಾರ. ಶತ್ರುಗಳು ಅಡ್ಡಿಪಡಿಸಲಾಗದಂತೆ ಟಾರ್ಪಿಡೋವನ್ನು ನಡೆಸುವುದು ಅವರ ಗುರಿಯಾಗಿತ್ತು. ಪಿಯಾನೋವಿನ ಮನೆಗಳಷ್ಟೇ, ಎಂದರೆ ಎಂಬತ್ತೆಂಟು ಕಂಪನಾಂಕಗಳನ್ನು ಅವರು ಕಲ್ಪಿಸಿಕೊಂಡಿದ್ದರು. ಕಲಾವಿದರಿಗೆ ಯಂತ್ರಗಳ ಗೊಡವೆ ಏಕೆ ಎನ್ನುವವರು ಇದನ್ನು ನೆನೆಯಬೇಕು. ಕನ್ನಡ ಮೇಷ್ಟರಿಗೂ ಇದರಿಂದ ಸ್ವಲ್ಪ ಧೈರ್ಯ ಬರುತ್ತದೆ.

ಆದರೆ ಮೊಮ್ಮಗನ ಮಾತನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಹೊಸ ಪೆಟ್ಟಿಗೆಯು ಸರದಿಯನ್ನು ತಾನೇ ನೋಡಿಕೊಳ್ಳುವುದರಿಂದ ಹುಡುಗರು ಸರದಿ ಎಂಬುದೊಂದಿದೆ ಎನ್ನುವುದನ್ನೇ ಮರೆಯುತ್ತಿದ್ದಾರೆ. ಅದೇ ಪಟ್ಟಿಯಲ್ಲಿ ಮನೆಯ ವೈಫೈ ಇದೆ, ಬ್ಲೂಟೂತ್ ಇದೆ. ಕೆಲವು ಪೆಟ್ಟಿಗೆಗಳಲ್ಲಿ ಯಾವ ದೇಶದಲ್ಲಿ ಬಳಸುತ್ತೀರೆಂದು ಆರಿಸುವ ಏರ್ಪಾಡಿರುತ್ತದೆ. ಆ ದೇಶದ ಕಟ್ಟಳೆಗೆ ತಕ್ಕಂತೆ ಯಂತ್ರವು ತನ್ನ ಕಂಪನಾಂಕ, ಶಕ್ತಿಗಳನ್ನು ಹೊಂದಿಸಿಕೊಳ್ಳುತ್ತದೆ. ಬೇರೆ ದೇಶದ ಹೆಸರನ್ನು ಒತ್ತಿದರೆ ಇನ್ನಷ್ಟು ದೂರ ಹಾರುತ್ತದಂತೆ ಎಂದು ಹುಡುಗರು ಒಬ್ಬರಿಗೊಬ್ಬರು ಗುಟ್ಟಾಗಿ ಹೇಳಿಕೊಳ್ಳುವುದನ್ನು ನಾನು ಕೇಳಿದ್ದೇನೆ. ಹಿಂದೆ ಹರಳನ್ನು ಕೀಳುತ್ತಿದ್ದ ಬೆರಳು ಈಗ ಪರದೆಯನ್ನು ಒತ್ತುತ್ತಿದೆ. ಶಕ್ತಿಯನ್ನು ಹೆಚ್ಚಿಸುವ ಬಿಡಿಭಾಗಗಳನ್ನು ಕೊಂಡು ಜೋಡಿಸುವವರೂ ಇದ್ದಾರೆ. ಒಪ್ಪಿಗೆ ದೊರೆತಿರುವುದು ತಯಾರಾದ ಸ್ಥಿತಿಯಲ್ಲಿದ್ದ ಮಾದರಿಗೆ. ಒಳಗನ್ನು ತಿದ್ದಿದ ಮೇಲೆ ಆ ಒಪ್ಪಿಗೆಯ ನೆರಳು ಅದರ ಮೇಲಿರುವುದಿಲ್ಲ. ಹಾರಾಟಕ್ಕೆ 2021ರ ಡ್ರೋನ್ ನಿಯಮಗಳು ಬೇರೆಯೇ ಇವೆ.

ಸರ್ಕಾರದವರ ಮೇಲೂ ನನ್ನದೊಂದು ದೂರಿದೆ. ಮೇಲೆ ಹೇಳಿದ ನಿಯಮಗಳನ್ನು ನಾನು ಓದಿದೆ. ಓದಲು ಯತ್ನಿಸಿದೆ ಎನ್ನುವುದೇ ಸರಿ. ಎಂ.ಎ. ಪದವೀಧರನಾದ ನನಗೇ ಒಂದು ವಾಕ್ಯದ ತಲೆ ಯಾವುದು, ಬಾಲ ಯಾವುದು ಎಂದು ತಿಳಿಯಲು ಮೂರು ಬಾರಿ ಓದಬೇಕಾಯಿತು. ಹದಿನಾಲ್ಕು ವರ್ಷದ ಬಾಲಕನು ಪಾಲಿಸಬೇಕಾದ ನಿಯಮವು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಡವೇ? ಆಟಿಕೆಯ ಪೆಟ್ಟಿಗೆಯೊಳಗೆ ಕನ್ನಡದಲ್ಲಿ ಹತ್ತು ಸಾಲಿನ ಒಂದು ಚೀಟಿಯನ್ನಿಟ್ಟರೆ ಕಂಪನಿಗಳಿಗೆ ಹೊರೆಯಾಗುವುದಿಲ್ಲ. ತಿಳಿಯದವನನ್ನು ಅಪರಾಧಿಯೆನ್ನುವುದು ಸುಲಭ. ಆ ಸುಲಭದ ದಾರಿಯನ್ನು ಎರಡು ದಿನ ತುಳಿದವನು ನಾನು.

ಇನ್ನು, ಕೊಟ್ಟಷ್ಟರಲ್ಲೇ ತೃಪ್ತಿಪಡದೆ ಹೊಸ ಕಂಪನಾಂಕಗಳಲ್ಲಿ ಪ್ರಯೋಗ ಮಾಡಬೇಕೆಂಬ ಕುತೂಹಲವುಳ್ಳವರಿಗೆ ಮಾರ್ಗವೇ ಇಲ್ಲವೆ? ಇದೆ. ಹವ್ಯಾಸಿ ರೇಡಿಯೋ ಪರವಾನಗಿಗೆ ನಮ್ಮ ದೇಶದಲ್ಲಿ ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕುಳಿತುಕೊಳ್ಳಬಹುದು. ನಿಮ್ಮಲ್ಲಿ ಎಲ್ಲರಿಗೂ ಹನ್ನೆರಡು ತುಂಬಿದೆ. ವಿದ್ಯುತ್ತಿನ ಮೂಲತತ್ತ್ವಗಳನ್ನೂ ನಿಯಮಗಳನ್ನೂ ಕಲಿತು ಉತ್ತೀರ್ಣರಾದವರಿಗೆ ಅನೇಕ ಪಟ್ಟಿಗಳ ಬಾಗಿಲು ತೆರೆಯುತ್ತದೆ; ತಾವೇ ಪ್ರೇಷಕವನ್ನು ಕಟ್ಟಲೂ ಬಹುದು. ಅಮೆರಿಕದಲ್ಲಿ ಇಂಥ ಪರವಾನಗಿ ಹೊಂದಿದವರು 50 ಮೆಗಾಹರ್ಟ್ಸಿನ ಪಟ್ಟಿಯಲ್ಲಿ ತಮ್ಮ ಮಾದರಿ ವಿಮಾನಗಳನ್ನು ಹಾರಿಸುವುದುಂಟು. 2004ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕವೆಲ್ಲ ಕಡಿದುಹೋದಾಗ ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿ ರೇಡಿಯೋ ತಂಡವೊಂದು ಹೊರಜಗತ್ತಿಗೆ ಸುದ್ದಿಗಳನ್ನು ಮುಟ್ಟಿಸಿತು. ಅಷ್ಟೇಕೆ, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಮೊಳಗಿದುದು ಆ ಕೇಂದ್ರದಿಂದಲೇ. ಆದುದರಿಂದ ಹವ್ಯಾಸವೆಂದರೆ ಹುಡುಗಾಟವೆಂದು ಮೂಗು ಮುರಿಯುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ.

ಮರುವರ್ಷದ ಗಣರಾಜ್ಯೋತ್ಸವದ ವೇಳೆಗೆ ಹೊಸ ವಿಮಾನವೊಂದು ಸಿದ್ಧವಾಗಿತ್ತು. ಮುಖ್ಯೋಪಾಧ್ಯಾಯರು ಬೇಡವೆಂದರು, ಆ ಹಿರಿಯರು ಹಟ ಹಿಡಿದರು. ವಿದೇಶಗಳ ಮೈದಾನಗಳಲ್ಲಿ ನಡೆಯುವ ಒಂದು ಪದ್ಧತಿಯನ್ನು ಅವರು ನಮಗೆ ಹೇಳಿಕೊಟ್ಟರು. ಧ್ವಜಸ್ತಂಭದ ಬಳಿ ಒಂದು ಹಗ್ಗವನ್ನು ಕಟ್ಟಿ, ಬಟ್ಟೆ ಒಣಗಿಸುವ ಆರು ಕ್ಲಿಪ್ಪುಗಳಿಗೆ ಆರು ಬಣ್ಣ ಬಳಿದು ಅದರ ಮೇಲೆ ಸಿಕ್ಕಿಸಿದೆವು. ಯಾವ ಬಣ್ಣದ ಕ್ಲಿಪ್ಪು ಕೈಯಲ್ಲಿದೆಯೋ ಆ ಬಣ್ಣದ ಪ್ರೇಷಕವನ್ನು ಮಾತ್ರ ಹಚ್ಚಬೇಕು. ಕ್ಲಿಪ್ಪನ್ನು ತನ್ನ ಏರಿಯಲ್ಲಿಗೆ ಸಿಕ್ಕಿಸಿಕೊಳ್ಳಬೇಕು. ಮುಗಿದ ಮೇಲೆ ಹಗ್ಗಕ್ಕೆ ತಂದು ಹಾಕಬೇಕು. ಹರಳನ್ನು ಬದಲಾಯಿಸಿದವನು ಕ್ಲಿಪ್ಪನ್ನೂ ಬದಲಾಯಿಸಿಕೊಳ್ಳಬೇಕು. ಮೈಕಿನಲ್ಲಿ ನಾನು ಇದನ್ನು ಮೂರು ಬಾರಿ ಓದಿದೆ. ನಾಲ್ಕನೆಯ ಬಾರಿ ಓದಹೊರಟಾಗ ಮಕ್ಕಳು ನಕ್ಕರು. ಹಗ್ಗವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ ಹಿಂದಿನ ವರ್ಷ ಹೊಲಿಗೆ ಹಾಕಿಸಿಕೊಂಡಿದ್ದ ಹುಡುಗಿಯೇ ಎದ್ದು ನಿಂತಳು. ಹುಬ್ಬಿನ ಮೇಲಿನ ಗೆರೆ ಇನ್ನೂ ಕೆಂಪಗಿತ್ತು. ಮೊದಲು ಬಂದವನು, ಈಗ ಒಂಬತ್ತನೆಯ ತರಗತಿಯಲ್ಲಿದ್ದ, ಆ ಕಾರಿನ ಹುಡುಗ. ಅವನು ತಲೆ ತಗ್ಗಿಸಿಕೊಂಡು ಹಳದಿ ಬೇಕೆಂದ. ಅವಳು ನೋಟ್‌ಬುಕ್ಕನ್ನು ತೆರೆದು, “ಹಳದಿ ವಿಮಾನದವರ ಹತ್ತಿರ ಇದೆ. ಹಸಿರು ಇದೆ, ಬೇಕಾ?” ಎಂದು ಕೇಳಿದಳು. ಅವನು ಜೇಬಿನಿಂದ ಹಸಿರು ಹರಳುಗಳ ಜೋಡಿಯನ್ನು ತೆಗೆದು ತೋರಿಸಿದ. ಅವಳು ಅವನ ಹೆಸರನ್ನೂ ಹೊತ್ತನ್ನೂ ಬರೆದುಕೊಂಡು ಕ್ಲಿಪ್ಪನ್ನು ಕೊಟ್ಟಳು.